ಮೃಗಾಲಯದಲ್ಲಿ ಬೇಸಿಗೆಯ ದುಡಿಮೆ: ಒಂದು ವಿವೇಚನೆ

ಕೆಲವು ವರ್ಷಗಳ ಹಿಂದಿನ ಮಾತು. ವಾರ್ಷಿಕ ಪರೀಕ್ಷೆಗಳು ಮುಗಿಯುತ್ತ ಬಂದಿದ್ದ ದಿನಗಳಲ್ಲಿ ನಮ್ಮ ಪದವಿಪೂರ್ವ ವಿಭಾಗದ ವಿದ್ಯಾರ್ಥಿಯೊಬ್ಬನು ಜೀವಶಾಸ್ತ್ರ ಪ್ರಯೋಗಶಾಲೆಯ ಬಾಗಿಲಲ್ಲಿ ಸಂಕೋಚದಿಂದ ನಿಂತಿದ್ದನು. ಬೇಸಿಗೆಯ ರಜೆಯಲ್ಲಿ ಮೃಗಾಲಯವೊಂದರಲ್ಲಿ ಕೆಲಸ ಮಾಡಬೇಕೆಂಬ ಹಂಬಲ ಅವನದು. ಕೈಯಲ್ಲಿದ್ದ ಅರ್ಜಿಯನ್ನು ಮುಂದಿಟ್ಟು, "ಗುರುಗಳೇ, ಇದನ್ನೊಮ್ಮೆ ತಿದ್ದಿಕೊಡಬೇಕು" ಎಂದನು. ಪ್ರಾಣಿಗಳೆಂದರೆ ತನಗೆ ಚಿಕ್ಕಂದಿನಿಂದಲೂ ಬಲು ಪ್ರೀತಿಯೆಂದು ಎರಡು ಪುಟ ತುಂಬ ಬರೆದಿದ್ದನು. 'ಪೂರ್ವಾನುಭವ' ಎಂಬಲ್ಲಿ ಮಾತ್ರ 'ಇಲ್ಲ' ಎಂಬ ಒಂದೇ ಮಾತಿತ್ತು.

ಆ ಹುಡುಗನ ಮನೆಯಲ್ಲಿ ಎರಡು ಎಮ್ಮೆ, ಒಂದು ಜೋಡಿ ಎತ್ತು, ಹತ್ತಾರು ಆಡುಗಳಿದ್ದುದನ್ನು ನಾನು ಬಲ್ಲೆನು. ದಿನವೂ ನಸುಕಿನಲ್ಲೆದ್ದು, ಕೊಟ್ಟಿಗೆಯ ಸೆಗಣಿ ಬಾಚಿ, ದನಗಳಿಗೆ ಕಣಿಕೆ ಹಾಕಿ, ನೀರು ಕುಡಿಸಿದ ಬಳಿಕವೇ ಅವನು ಕಾಲೇಜಿನ ಬಸ್ಸು ಹಿಡಿಯುತ್ತಿದ್ದನು. ಅಂಥವನು ತನಗೆ ಅನುಭವವಿಲ್ಲವೆಂದು ಬರೆದುದೇಕೆ? ಈ ಪ್ರಶ್ನೆಯು ಅಂದಿನಿಂದಲೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಮೃಗಾಲಯದ ಬೇಸಿಗೆ ಕೆಲಸವೆಂದರೇನು, ಅದನ್ನು ಅರಸುವ ಬಗೆ ಹೇಗೆ, ನಮ್ಮಂತಹ ಶಾಲೆಯ ಮಕ್ಕಳಿಗೆ ಅದರಲ್ಲಿ ಎಡೆಯುಂಟೇ ಎಂಬುದನ್ನು ಯಥಾಶಕ್ತಿ ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹೊರನಾಡಿನ ಪದ್ಧತಿ

ಬೇಸಿಗೆಗೆಂದೇ ಜನರನ್ನು ಸಂಬಳದ ಮೇಲೆ ನೇಮಿಸಿಕೊಳ್ಳುವ ಪದ್ಧತಿಯು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮೃಗಾಲಯಗಳಲ್ಲಿ ಚೆನ್ನಾಗಿ ಬೇರೂರಿದೆ. ಅಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ಮಕ್ಕಳ ಸಲುವಾಗಿ ಈ ವಿಷಯವನ್ನು ವಿಚಾರಿಸಿದ್ದುಂಟು. ಆದುದರಿಂದ ಮೊದಲು ಅಲ್ಲಿಯ ವ್ಯವಸ್ಥೆಯನ್ನು ತಿಳಿದುಕೊಂಡು, ಅನಂತರ ನಮ್ಮ ನಾಡಿಗೆ ಬರುವುದು ಯುಕ್ತ.

ಆ ದೇಶದ ಉತ್ತರದ ರಾಜ್ಯಗಳಲ್ಲಿ ಚಳಿಗಾಲವು ಕಠಿಣವಾದುದು. ಹಿಮ ಬೀಳುವ ತಿಂಗಳುಗಳಲ್ಲಿ ಮೃಗಾಲಯಕ್ಕೆ ಬರುವವರು ವಿರಳ. ಮೇ ತಿಂಗಳ ಕೊನೆಯ ಸೋಮವಾರದಂದು ಬರುವ ಸ್ಮಾರಕ ದಿನದಿಂದ ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನದವರೆಗೆ ಅಲ್ಲಿ ಬೇಸಿಗೆಯ ಸುಗ್ಗಿ. ಶಾಲೆಗಳಿಗೆ ರಜೆ, ಸಂಸಾರ ಸಮೇತರಾಗಿ ಜನರು ಮೃಗಾಲಯಕ್ಕೆ ಬರುತ್ತಾರೆ. ಈ ನೂಕುನುಗ್ಗಲನ್ನು ವರ್ಷವಿಡೀ ದುಡಿಯುವ ಸಿಬ್ಬಂದಿಯೊಂದೇ ನಿಭಾಯಿಸಲಾರದು. ನ್ಯೂಯಾರ್ಕ್ ನಗರದಲ್ಲಿ 1899ರಲ್ಲಿ ತೆರೆದ ಬ್ರಾಂಕ್ಸ್ ಮೃಗಾಲಯದಂತಹ ದೊಡ್ಡ ಸಂಸ್ಥೆಗಳು ಪ್ರತಿ ವರ್ಷವೂ ಹಂಗಾಮಿ ಕೆಲಸಗಾರರನ್ನು ತೆಗೆದುಕೊಳ್ಳುವುದು ಈ ಕಾರಣದಿಂದಲೇ.

ಇಲ್ಲಿ ಒಂದು ಸಾಮಾನ್ಯ ತಪ್ಪುಕಲ್ಪನೆಯನ್ನು ನಿವಾರಿಸಬೇಕಾಗಿದೆ. ಮೃಗಾಲಯದ ಬೇಸಿಗೆ ಕೆಲಸವೆಂದೊಡನೆ ಹುಲಿಮರಿಗೆ ಹಾಲೂಡಿಸುವ ಚಿತ್ರ ಕಣ್ಣಮುಂದೆ ಬರುತ್ತದೆ. ವಾಸ್ತವ ಸ್ಥಿತಿ ಬೇರೆ. ಹಂಗಾಮಿ ಕೆಲಸಗಳಲ್ಲಿ ಬಹುಪಾಲು ಪ್ರಾಣಿಗಳಿಗೆ ಸಂಬಂಧಿಸಿದವಲ್ಲ, ಜನರಿಗೆ ಸಂಬಂಧಿಸಿದವು. ಟಿಕೆಟ್ ಕೊಡುವುದು, ತಿಂಡಿಯ ಅಂಗಡಿಯಲ್ಲಿ ನಿಲ್ಲುವುದು, ನೆನಪಿನ ವಸ್ತುಗಳನ್ನು ಮಾರುವುದು, ಮಕ್ಕಳ ರೈಲು ಹಾಗೂ ತಿರುಗುವ ಕುದುರೆಗಳನ್ನು ನೋಡಿಕೊಳ್ಳುವುದು, ವಾಹನ ನಿಲುಗಡೆ, ಕಸಗುಡಿಸುವಿಕೆ, ಹೂದೋಟ, ಬೇಸಿಗೆ ಶಿಬಿರದ ಮಕ್ಕಳ ಮೇಲ್ವಿಚಾರಣೆ ಮೊದಲಾದವೇ ಹೆಚ್ಚು. ಪ್ರಾಣಿಪಾಲಕರಿಗೆ ನೆರವಾಗುವ ಹಂಗಾಮಿ ಸ್ಥಾನಗಳು ಇರುತ್ತವಾದರೂ ಅವು ಬೆರಳೆಣಿಕೆಯವು. ಅವನ್ನು ಬಯಸುವವರಾದರೋ ಬಹಳ ಮಂದಿ.

ನಮ್ಮ ಮಠದ ಜಾತ್ರೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ತೇರಿನ ಹಗ್ಗ ಹಿಡಿಯಲು ಎಲ್ಲರಿಗೂ ಆಸೆ. ಆದರೆ ಜಾತ್ರೆ ನಡೆಯುವುದು ಕಾಯಿಪಲ್ಲೆ ಹೆಚ್ಚುವವರಿಂದ, ನೀರು ಹೊರುವವರಿಂದ, ಉಂಡ ಎಲೆ ಎತ್ತುವವರಿಂದ. ಮೃಗಾಲಯದಲ್ಲಿಯೂ ಹಾಗೆಯೇ. ಒಂದು ಬೇಸಿಗೆ ಬಾಗಿಲಲ್ಲಿ ನಿಂತು ಟಿಕೆಟ್ ಕೊಟ್ಟವನು ಸಂಸ್ಥೆಯ ರೀತಿನೀತಿಗಳನ್ನು ಅರಿಯುತ್ತಾನೆ; ಮೇಲಿನವರ ಕಣ್ಣಿಗೆ ಬೀಳುತ್ತಾನೆ. ಮರುವರ್ಷ ಒಳಗಿನ ಕೆಲಸ ಕೇಳುವಾಗ ಅವನು ಅಪರಿಚಿತನಾಗಿ ಉಳಿದಿರುವುದಿಲ್ಲ.

ಕೆಲಸವನ್ನು ಅರಸುವ ಕ್ರಮ

ಬೇಸಿಗೆಯ ಕೆಲಸವನ್ನು ಬೇಸಿಗೆಯಲ್ಲಿ ಹುಡುಕಬಾರದು. ಇದು ಮೊದಲನೆಯ ಪಾಠ. ಅಮೆರಿಕದಲ್ಲಿ ಈ ಸ್ಥಾನಗಳಿಗೆ ಚಳಿಗಾಲದಲ್ಲಿಯೇ, ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ, ಅರ್ಜಿ ಕರೆಯುವುದು ವಾಡಿಕೆ. 1924ರಲ್ಲಿ ಸ್ಥಾಪಿತವಾದ ಅಲ್ಲಿಯ ಮೃಗಾಲಯ ಹಾಗೂ ಮತ್ಸ್ಯಾಲಯಗಳ ಸಂಘವು ಇನ್ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಮಾನ್ಯತೆ ನೀಡಿದ್ದು, ಅವುಗಳಲ್ಲಿನ ತೆರವಾದ ಸ್ಥಾನಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಮಾನ್ಯತೆ ಪಡೆದ ಸಂಸ್ಥೆಯನ್ನೇ ಆರಿಸಿಕೊಳ್ಳುವುದು ಕ್ಷೇಮ. ಪ್ರಾಣಿಗಳ ಆರೈಕೆಯೂ ಕೆಲಸಗಾರರ ಸುರಕ್ಷತೆಯೂ ಅಲ್ಲಿ ಪರಿಶೀಲನೆಗೆ ಒಳಪಟ್ಟಿರುತ್ತವೆ.

ಎರಡನೆಯದು ವಯಸ್ಸು ಮತ್ತು ಆರೋಗ್ಯ. ಜನರ ನಡುವಿನ ಕೆಲಸಕ್ಕೆ ಹದಿನಾರರ ಆಸುಪಾಸಿನವರನ್ನು ತೆಗೆದುಕೊಳ್ಳುವ ಸಂಸ್ಥೆಗಳು ಉಂಟು. ಪ್ರಾಣಿಗಳ ಬಳಿಯ ಕೆಲಸಕ್ಕೆ ಸಾಮಾನ್ಯವಾಗಿ ಹದಿನೆಂಟು ತುಂಬಿರಬೇಕು. ಕ್ಷಯರೋಗದ ಪರೀಕ್ಷೆ, ಧನುರ್ವಾಯುವಿನ ಚುಚ್ಚುಮದ್ದು ಮೊದಲಾದವನ್ನು ಕೇಳುವುದು ರೂಢಿ. ಕ್ಷಯವು ಮನುಷ್ಯನಿಂದ ಆನೆಗೂ ವಾನರಕ್ಕೂ, ಅವುಗಳಿಂದ ಮನುಷ್ಯನಿಗೂ ಹರಡಬಲ್ಲದು. ಪರೀಕ್ಷೆಯು ಕೆಲಸಗಾರನ ಹಿತಕ್ಕೆ ಎಷ್ಟೋ ಪ್ರಾಣಿಯ ಹಿತಕ್ಕೂ ಅಷ್ಟೇ.

ಮೂರನೆಯದು ಕಾನೂನಿನ ವಿಷಯ. ವಿದ್ಯಾರ್ಥಿ ವೀಸಾದ ಮೇಲೆ ಆ ದೇಶಕ್ಕೆ ಹೋದವರು ತಮ್ಮ ವಿಶ್ವವಿದ್ಯಾಲಯದ ಆವರಣದ ಹೊರಗೆ ಮನಬಂದಂತೆ ಕೆಲಸ ಹಿಡಿಯುವಂತಿಲ್ಲ. ವ್ಯಾಸಂಗಕ್ಕೆ ಸಂಬಂಧಿಸಿದ ತರಬೇತಿಯೆಂದು ಪೂರ್ವಾನುಮತಿ ಪಡೆದೇ ಹೋಗಬೇಕು. ಮೃಗಾಲಯದ ಒಂದು ಬೇಸಿಗೆಯ ಆಸೆಗೆ ಇಡೀ ವಿದ್ಯಾಭ್ಯಾಸವನ್ನೇ ಗಂಡಾಂತರಕ್ಕೆ ಒಡ್ಡುವುದು ಸಲ್ಲದು. ಮಕ್ಕಳನ್ನು ಹೊರಗೆ ಕಳುಹಿಸಿರುವ ತಂದೆತಾಯಿಗಳು ಇದನ್ನು ಗಮನದಲ್ಲಿಡಬೇಕು.

ನಾಲ್ಕನೆಯದು ಸಂಬಳ. ಅಂಗಡಿ, ಟಿಕೆಟ್ ಮೊದಲಾದ ಕೆಲಸಗಳಿಗೆ ಗಂಟೆಯ ಲೆಕ್ಕದಲ್ಲಿ ಕೂಲಿಯುಂಟು. ಪ್ರಾಣಿಗಳ ವಿಭಾಗದಲ್ಲಿ ತರಬೇತಿಯೆಂದು ಸೇರುವವರಿಗೆ ಅನೇಕ ಕಡೆ ಬಿಡಿಗಾಸೂ ಇಲ್ಲ. ಈಚೆಗೆ ಕೆಲವು ಸಂಸ್ಥೆಗಳು ಮಾತ್ರ ಅವರಿಗೂ ವೇತನ ಕೊಡತೊಡಗಿವೆ. ಇದರ ಪರಿಣಾಮವನ್ನು ಯೋಚಿಸಬೇಕು. ಮೂರು ತಿಂಗಳು ಕೂಲಿಯಿಲ್ಲದೆ ಇರಬಲ್ಲವರ ಮಕ್ಕಳಿಗೆ ಪಾಲಕರ ವಿದ್ಯೆ ದೊರೆಯುತ್ತದೆ. ಬೇಸಿಗೆಯಲ್ಲಿ ನಾಲ್ಕು ಕಾಸು ಗಳಿಸಲೇಬೇಕಾದವರ ಮಕ್ಕಳು ಬಾಗಿಲಲ್ಲೇ ಉಳಿಯುತ್ತಾರೆ. ಈ ಅಂಶವನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಪಾಲಕನ ದಿನಚರಿ

ಪ್ರಾಣಿಪಾಲಕನ ದಿನವು ನೋಡುವುದರಿಂದ ಮೊದಲಾಗುತ್ತದೆ. ಬೆಳಗ್ಗೆ ಬಂದೊಡನೆ ಆತನು ಪ್ರತಿಯೊಂದು ಪ್ರಾಣಿಯನ್ನೂ ಎಣಿಸುತ್ತಾನೆ. ರಾತ್ರಿ ಹಾಕಿದ ಮೇವು ಎಷ್ಟು ಉಳಿದಿದೆ, ಹಿಕ್ಕೆ ಗಟ್ಟಿಯಾಗಿದೆಯೋ ನೀರಾಗಿದೆಯೋ, ಕುಂಟುವ ಪ್ರಾಣಿ ಯಾವುದು, ಹಿಂಡಿನಿಂದ ದೂರ ನಿಂತದ್ದು ಯಾವುದು ಎಂಬುದನ್ನೆಲ್ಲ ಗಮನಿಸಿ ದಾಖಲೆ ಪುಸ್ತಕದಲ್ಲಿ ಬರೆಯುತ್ತಾನೆ. ಕಾಡುಪ್ರಾಣಿಯು ತನ್ನ ರೋಗವನ್ನು ಮರೆಮಾಚುವ ಸ್ವಭಾವದ್ದು. ಸೊರಗಿದ ಜಿಂಕೆಯನ್ನು ಬೇಟೆಗಾರ ಪ್ರಾಣಿ ಮೊದಲು ಹಿಡಿಯುವುದರಿಂದ, ಕೊನೆಯ ಗಳಿಗೆಯವರೆಗೂ ಅದು ಗಟ್ಟಿಯಾಗಿರುವಂತೆ ತೋರಿಸಿಕೊಳ್ಳುತ್ತದೆ. ಆದುದರಿಂದ ಸಣ್ಣ ವ್ಯತ್ಯಾಸವನ್ನು ಗುರುತಿಸುವ ಪಾಲಕನ ಕಣ್ಣೇ ವೈದ್ಯನ ಮೊದಲ ಉಪಕರಣ.

ಅನಂತರ ಸಲಿಕೆ, ಬುಟ್ಟಿ, ಕಸಬರಿಗೆಗಳ ಕೆಲಸ. ಆವರಣವನ್ನು ಗುಡಿಸಿ, ತೊಳೆದು, ನೀರಿನ ತೊಟ್ಟಿಯನ್ನು ಉಜ್ಜಬೇಕು. ಅಡುಗೆಮನೆಯಲ್ಲಿ ಹಣ್ಣು, ತರಕಾರಿ, ಸೊಪ್ಪು, ಮಾಂಸಗಳನ್ನು ತೂಗಿ, ಹೆಚ್ಚಿ, ಪ್ರಾಣಿವಾರು ವಿಂಗಡಿಸಬೇಕು. ಬೇಸಿಗೆಯಲ್ಲಿ ಇವುಗಳ ಜೊತೆಗೆ ನೆರಳು, ತಂಪುಗಳ ಏರ್ಪಾಡು ಸೇರುತ್ತದೆ. ಆನೆಗಳಿಗೆ ನೀರೆರೆಯುವುದು, ಕರಡಿಗಳಿಗೆ ಹಣ್ಣುಗಳನ್ನಿಟ್ಟು ಹೆಪ್ಪುಗಟ್ಟಿಸಿದ ಮಂಜುಗಡ್ಡೆ ಕೊಡುವುದು, ಕೆಸರಿನ ಹೊಂಡ ಒಣಗದಂತೆ ನೋಡಿಕೊಳ್ಳುವುದು ಇವೆಲ್ಲವೂ ಈ ಋತುವಿನ ವಿಶೇಷಗಳು. ಹೊಸಬನಿಗೆ ಬರುವುದು ಈ ದುಡಿಮೆಯೇ ಹೊರತು ಪ್ರಾಣಿಯ ಮೈದಡವುವ ಭಾಗ್ಯವಲ್ಲ.

ಇದರಲ್ಲಿ ಅಪಾಯವಿಲ್ಲದೆ ಇಲ್ಲ. 2017ರ ಅಕ್ಟೋಬರ್‌ನಲ್ಲಿ ಬನ್ನೇರುಘಟ್ಟದಲ್ಲಿ ಪಾಲಕರೊಬ್ಬರು ಬಿಳಿ ಹುಲಿಗಳ ದಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವರು ಆ ಕೆಲಸಕ್ಕೆ ಬಂದು ಕೆಲವೇ ದಿನಗಳಾಗಿದ್ದವೆಂದು ಪತ್ರಿಕೆಗಳು ವರದಿ ಮಾಡಿದ್ದವು. ಬೋನಿನ ಅಗುಳಿಯನ್ನು ಎರಡು ಸಲ ನೋಡುವುದು, ಪ್ರಾಣಿ ಒಳಗಿದೆಯೆಂದು ಕಣ್ಣಾರೆ ಕಾಣದೆ ಆವರಣಕ್ಕೆ ಇಳಿಯದಿರುವುದು, ಒಬ್ಬಂಟಿಯಾಗಿ ಹೋಗದಿರುವುದು ಇವು ಬರಿಯ ನಿಯಮಗಳಲ್ಲ, ಜೀವರಕ್ಷೆಯ ಸೂತ್ರಗಳು. ಬೇಸಿಗೆಗೆ ಬರುವ ವಿದ್ಯಾರ್ಥಿಯನ್ನು ಹುಲಿ, ಸಿಂಹ, ಆನೆಗಳ ಹತ್ತಿರಕ್ಕೆ ಬಿಡದಿದ್ದರೆ ಅದನ್ನು ಅವಮಾನವೆಂದು ಎಣಿಸಬಾರದು. ಹಾಗೆ ಬಿಡದ ಸಂಸ್ಥೆಯೇ ಒಳ್ಳೆಯ ಸಂಸ್ಥೆ.

ಒಂದು ನಿದರ್ಶನ

ಕೆಳಗಿನ ಕೆಲಸದಿಂದ ಮೇಲೆ ಬಂದವರಿಗೆ ಜೆರಾಲ್ಡ್ ಡರೆಲ್ ಅವರು ಒಳ್ಳೆಯ ನಿದರ್ಶನ. ನಮ್ಮ ದೇಶದ ಜಮ್‌ಶೆಡ್‌ಪುರದಲ್ಲಿ 1925ರಲ್ಲಿ ಜನಿಸಿದ ಈ ಆಂಗ್ಲ ಲೇಖಕರಿಗೆ ಕ್ರಮಬದ್ಧ ಶಾಲಾಶಿಕ್ಷಣ ದೊರೆತದ್ದು ಅತ್ಯಲ್ಪ. 1945ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವರು ಇಂಗ್ಲೆಂಡಿನ ವಿಪ್‌ಸ್ನೇಡ್ ಮೃಗಾಲಯಕ್ಕೆ ವಿದ್ಯಾರ್ಥಿ ಪಾಲಕರಾಗಿ ಸೇರಿ ಸುಮಾರು ಒಂದು ವರ್ಷ ದುಡಿದರು. ಬಾಚುವುದು, ಹೊರುವುದು, ತೊಳೆಯುವುದು ಇವೇ ಅಲ್ಲಿಯ ನಿತ್ಯದ ಕೆಲಸಗಳು. ಆದರೆ ಡರೆಲ್ ಅವರು ಕೆಲಸದ ನಡುವೆ ಕಂಡದ್ದನ್ನೆಲ್ಲ ಬರೆದಿಡುತ್ತಿದ್ದರು. ಹಳೆಯ ಪಾಲಕರನ್ನು ಕೇಳಿ ತಿಳಿಯುತ್ತಿದ್ದರು. ಮುಂದೆ 1959ರಲ್ಲಿ ಜೆರ್ಸಿ ದ್ವೀಪದಲ್ಲಿ ಅವರು ಕಟ್ಟಿದ ಮೃಗಾಲಯವು, ಅಳಿವಿನ ಅಂಚಿನಲ್ಲಿರುವ ಪ್ರಾಣಿಗಳನ್ನು ಉಳಿಸಿ ಬೆಳೆಸುವುದೇ ಮೃಗಾಲಯದ ಧ್ಯೇಯವಾಗಬೇಕೆಂದು ಲೋಕಕ್ಕೆ ತೋರಿಸಿಕೊಟ್ಟಿತು. ವಿಪ್‌ಸ್ನೇಡಿನ ದಿನಗಳನ್ನು ಕುರಿತ ಅವರ ಪುಸ್ತಕವು 1973ರಲ್ಲಿ ಪ್ರಕಟವಾಯಿತು. ಸಲಿಕೆ ಹಿಡಿದವನು ಲೇಖನಿಯನ್ನೂ ಹಿಡಿದರೆ ಏನಾಗಬಲ್ಲುದೆಂಬುದಕ್ಕೆ ಅವರ ಬಾಳು ಸಾಕ್ಷಿ.

ನಮ್ಮ ನಾಡಿನ ಅವಕಾಶಗಳು

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯವು 1892ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಸುಮಾರು ಹತ್ತು ಎಕರೆಯಲ್ಲಿ ಆರಂಭವಾಯಿತು. 1909ರಲ್ಲಿ ಅದಕ್ಕೆ ಇಂದಿನ ಹೆಸರು ಬಂದಿತು. 1972ರಲ್ಲಿ ಅದು ಅರಣ್ಯ ಇಲಾಖೆಗೆ ಸೇರಿತು. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರ ಸ್ಥಾಪನೆಯಾಯಿತು. ಮೈಸೂರು, ಬನ್ನೇರುಘಟ್ಟಗಳಷ್ಟೇ ಅಲ್ಲದೆ ಶಿವಮೊಗ್ಗದ ಬಳಿಯ ತ್ಯಾವರೆಕೊಪ್ಪ, ಹಂಪಿಯ ಸಮೀಪದ ಕಮಲಾಪುರ, ಗದಗಿನ ಬಿಂಕದಕಟ್ಟಿ, ಬೆಳಗಾವಿಯ ಭೂತರಾಮನಹಟ್ಟಿ, ದಾವಣಗೆರೆಯ ಆನಗೋಡು ಮುಂತಾದೆಡೆಗಳಲ್ಲಿಯೂ ಇಂದು ಮೃಗಾಲಯಗಳಿವೆ. ಎಂದರೆ ಉತ್ತರ ಕರ್ನಾಟಕದ ವಿದ್ಯಾರ್ಥಿಯು ಮೃಗಾಲಯ ಕಾಣಲು ಮೈಸೂರಿನವರೆಗೆ ಹೋಗಲೇಬೇಕಾದ ಕಾಲ ಹಿಂದಾಯಿತು.

ಅಮೆರಿಕದಲ್ಲಿರುವಂತೆ ಬೇಸಿಗೆಗೆಂದೇ ವಿದ್ಯಾರ್ಥಿಗಳನ್ನು ಸಂಬಳ ಕೊಟ್ಟು ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ರೂಢಿಯಾಗಿಲ್ಲ. ಇಲ್ಲಿ ದೊರೆಯುವುದು ಕಲಿಕೆಯ ಅವಕಾಶ. ಮೈಸೂರು ಮೃಗಾಲಯವು ಶಾಲಾ ಮಕ್ಕಳಿಗಾಗಿ ಬೇಸಿಗೆ ಶಿಬಿರಗಳನ್ನು ನಡೆಸುತ್ತ ಬಂದಿದೆ. ಯೂತ್ ಕ್ಲಬ್ ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ತರಬೇತಿಯನ್ನೂ ಕೊಡುತ್ತದೆ. ಇಂತಹ ಶಿಬಿರಗಳ ಪ್ರಕಟಣೆಗಳು ಪತ್ರಿಕೆಗಳಲ್ಲಿ ಬರುತ್ತವೆ. ಸ್ಥಳಗಳು ಮಿತವಾಗಿರುವುದರಿಂದ ತಡಮಾಡಬಾರದು. ಇತರ ಮೃಗಾಲಯಗಳಲ್ಲಿ ಸ್ವಯಂಸೇವೆಗೆ ಅವಕಾಶವುಂಟೇ ಎಂಬುದನ್ನು ಜನವರಿ, ಫೆಬ್ರವರಿಗಳಲ್ಲಿಯೇ ಆಯಾ ಕಾರ್ಯನಿರ್ವಾಹಕ ನಿರ್ದೇಶಕರಿಗೆ ಅಥವಾ ವಲಯ ಅರಣ್ಯಾಧಿಕಾರಿಗಳಿಗೆ ಶಾಲೆಯ ಮೂಲಕ ಪತ್ರ ಬರೆದು ವಿಚಾರಿಸುವುದು ಒಳಿತು.

ಒಂದು ಎಚ್ಚರಿಕೆ ಇಲ್ಲಿ ಅವಶ್ಯ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯ ಮೇರೆಗೆ ಹದಿನಾಲ್ಕು ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಹದಿನೆಂಟರವರೆಗಿನವರನ್ನು ಅಪಾಯಕರ ಕೆಲಸಗಳಿಗೆ ಹಚ್ಚುವಂತಿಲ್ಲ. ಆದುದರಿಂದ ಪ್ರೌಢಶಾಲೆಯ ಮಕ್ಕಳಿಗೆ ಶಿಬಿರವೇ ಸರಿಯಾದ ದಾರಿ. ದುಡಿಮೆಯ ಮಾತು ಹದಿನೆಂಟು ತುಂಬಿದ ಬಳಿಕ. ಮೃಗಾಲಯವನ್ನೇ ಬಾಳಿನ ವೃತ್ತಿಯಾಗಿಸಿಕೊಳ್ಳಬಯಸುವವರು ಪಶುವೈದ್ಯಕೀಯ ಪದವಿ, ಪ್ರಾಣಿಶಾಸ್ತ್ರ, ಅಥವಾ ಶಿರಸಿ, ಪೊನ್ನಂಪೇಟೆಗಳ ಅರಣ್ಯ ಮಹಾವಿದ್ಯಾಲಯಗಳ ಶಿಕ್ಷಣವನ್ನು ಗುರಿಯಾಗಿಟ್ಟುಕೊಳ್ಳಬೇಕು.

ಕೊಟ್ಟಿಗೆಯ ವಿದ್ಯೆ

ಇನ್ನು ಆರಂಭದಲ್ಲಿ ಹೇಳಿದ ಹುಡುಗನ ಅರ್ಜಿಗೆ ಮರಳೋಣ. 'ಇಲ್ಲ' ಎಂಬ ಆ ಮಾತಿನ ಮೇಲೆ ಬೆರಳಿಟ್ಟು, "ತಮ್ಮಾ, ನಿಮ್ಮ ಎಮ್ಮೆಗೆ ಜಡ್ಡಾದರೆ ನಿನಗೆ ಹೇಗೆ ತಿಳಿಯುತ್ತದೆ?" ಎಂದು ಕೇಳಿದೆ. ಅವನು ತಡವರಿಸದೆ ಹೇಳತೊಡಗಿದನು. ಮೆಲುಕು ನಿಲ್ಲಿಸುತ್ತದೆ, ಮೂಗಿನ ತುದಿ ಒಣಗುತ್ತದೆ, ಕಿವಿ ಜೋಲುತ್ತದೆ, ಹಿಂಡಿ ಇಟ್ಟರೂ ಮೂಸಿ ಬಿಡುತ್ತದೆ, ಸೆಗಣಿಯ ವಾಸನೆಯೇ ಬದಲಾಗುತ್ತದೆ. ಅವನು ಹೇಳಿದುದರಲ್ಲಿ ಪಾಲಕನ ದಾಖಲೆ ಪುಸ್ತಕಕ್ಕೆ ಸಲ್ಲದ ಮಾತು ಒಂದೂ ಇರಲಿಲ್ಲ. ಕಾಡುಕೋಣ, ಜಿಂಕೆ, ಕೃಷ್ಣಮೃಗಗಳಷ್ಟೇ ಅಲ್ಲ, ಆಫ್ರಿಕದ ಜಿರಾಫೆಯೂ ಮೆಲುಕು ಹಾಕುವ ಪ್ರಾಣಿಯೇ. ನಾಲ್ಕು ಭಾಗಗಳ ಅದೇ ಹೊಟ್ಟೆ. ಮೇವು ಬದಲಾದರೆ ಕೆಡುವ ಅದೇ ಜೀರ್ಣಕ್ರಿಯೆ. ಎಮ್ಮೆಯನ್ನು ಬಲ್ಲವನಿಗೆ ಇವುಗಳ ಆರೈಕೆಯ ಮೊದಲಕ್ಷರಗಳು ಬಂದಂತೆಯೇ.

ಅದನ್ನೆಲ್ಲ ಬರೆಯಬೇಕೆಂದಾಗ ಅವನು ತಲೆ ತಗ್ಗಿಸಿದನು. "ಸೆಗಣಿ ಬಾಚಿದ್ದನ್ನು ಅರ್ಜಿಯಲ್ಲಿ ಹೇಗೆ ಬರೆಯುವುದು, ಗುರುಗಳೇ?" ಎಂದನು. ಆಗ ನನಗೆ ತಿಳಿದದ್ದು ಇಷ್ಟು: ಅವನು ಮನೆಯಲ್ಲಿ ಕಲಿತದ್ದನ್ನು ವಿದ್ಯೆಯೆಂದು ನಾವು ಶಾಲೆಯಲ್ಲಿ ಒಂದು ದಿನವೂ ಕರೆದಿರಲಿಲ್ಲ. ತಪ್ಪು ಹುಡುಗನದಲ್ಲ, ಹನ್ನೆರಡು ವರ್ಷ ಅವನಿಗೆ ಪಾಠ ಹೇಳಿದ ನಮ್ಮದು. ಅಂದು ಇಬ್ಬರೂ ಕೂಡಿ ಅರ್ಜಿಯನ್ನು ಹೊಸದಾಗಿ ಬರೆದೆವು. ಪ್ರೀತಿಯ ಎರಡು ಪುಟಗಳು ಎರಡು ಸಾಲಿಗೆ ಇಳಿದವು. ಎಷ್ಟು ದನ, ಎಷ್ಟು ವರ್ಷದ ಆರೈಕೆ, ಯಾವ ರೋಗಗಳನ್ನು ಕಂಡದ್ದು, ಕರು ಹಾಕಿಸುವಾಗ ನೆರವಾದದ್ದು, ದಿನಕ್ಕೆ ಎಷ್ಟು ಹೊತ್ತಿನ ಕೆಲಸ ಎಂಬ ವಿವರಗಳು ಒಂದು ಪುಟ ತುಂಬಿದವು.

ಕೆಲವು ವಾರಗಳ ಬಳಿಕ ಒಪ್ಪಿಗೆಯ ಪತ್ರ ಬಂದಿತು. ಒಂದು ತಿಂಗಳ ಸ್ವಯಂಸೇವೆ. ಊಟ ವಸತಿಗಳು ಸ್ವಂತ ಖರ್ಚಿನವು. ಹುಡುಗನು ಹೋಗಲಿಲ್ಲ. ಆ ಬೇಸಿಗೆಯಲ್ಲಿ ಅವನು ತಾಲ್ಲೂಕು ಊರಿನ ಕಿರಾಣಿ ಅಂಗಡಿಯೊಂದರಲ್ಲಿ ದಿನಗೂಲಿಗೆ ನಿಂತನು. ಮನೆಗೆ ಆ ಹಣ ಬೇಕಾಗಿತ್ತು. ಪತ್ರ ಬಂದ ಸಂಗತಿಯನ್ನು ಅವನು ನನಗೆ ತಿಳಿಸಿದ್ದು ಜೂನ್ ತಿಂಗಳಲ್ಲಿ. ಮೊದಲೇ ತಿಳಿದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ನಾನು ಅಂದೆ. ಆದರೆ ನಾನೂ ಅವನನ್ನು ಕೇಳಿರಲಿಲ್ಲವೆಂಬುದು ನಿಜ.

ನಾವು ಮಾಡಬಹುದಾದುದು

ಈ ಅನುಭವದಿಂದ ಹೊರಡುವ ಸಲಹೆಗಳು ಮೂರು. ಶಿಕ್ಷಕರು ಪ್ರತಿ ವರ್ಷ ಡಿಸೆಂಬರ್‌ನಲ್ಲಿ ಆಸಕ್ತ ಮಕ್ಕಳನ್ನು ಕರೆದು, ಅವರ ಮನೆಯ ದನ, ಕುರಿ, ಕೋಳಿಗಳ ಆರೈಕೆಯನ್ನು ದಿನಚರಿಯ ರೂಪದಲ್ಲಿ ಬರೆಯಿಸಬೇಕು. ಪ್ರಾಣಿಯ ಹೆಸರು, ವಯಸ್ಸು, ಮೇವಿನ ತೂಕ, ನಡವಳಿಕೆಯ ವ್ಯತ್ಯಾಸ, ಪಶುವೈದ್ಯರು ಹೇಳಿದ ಮಾತು ಇಷ್ಟಿದ್ದರೆ ಸಾಕು. ಮೂರು ತಿಂಗಳ ಇಂತಹ ದಿನಚರಿಯು ಯಾವ ಪ್ರಶಸ್ತಿಪತ್ರಕ್ಕೂ ಕಡಿಮೆಯದಲ್ಲ.

ಹಳೆಯ ವಿದ್ಯಾರ್ಥಿಗಳಲ್ಲಿ ಪಶುವೈದ್ಯರು, ಅರಣ್ಯಾಧಿಕಾರಿಗಳು, ಪ್ರಾಧ್ಯಾಪಕರು ಇದ್ದಾರೆ. ರಜೆಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ತಮ್ಮ ಜೊತೆಯಲ್ಲಿ ಒಂದು ವಾರ ಇರಿಸಿಕೊಂಡು ಕೆಲಸ ತೋರಿಸಿದರೆ ಅದು ಹಣಕ್ಕಿಂತ ಮಿಗಿಲಾದ ಕಾಣಿಕೆ. ಮೃಗಾಲಯದ ಅರ್ಜಿಯಲ್ಲಿ ಅವರ ಒಂದು ಸಾಲಿನ ಶಿಫಾರಸಿಗೂ ಬೆಲೆಯುಂಟು.

ಕೊನೆಯ ಮಾತು ದಾನಿಗಳಲ್ಲಿ. ಕಟ್ಟಡಕ್ಕೂ ದಾಸೋಹಕ್ಕೂ ತಾವು ಧಾರಾಳವಾಗಿ ಕೊಟ್ಟಿದ್ದೀರಿ. ಅದರ ಋಣ ಸಂಸ್ಥೆಯ ಮೇಲಿದೆ. ಬೇಸಿಗೆಯಲ್ಲಿ ಕಲಿಯಲು ಹೊರಡುವ ಒಬ್ಬ ವಿದ್ಯಾರ್ಥಿಯ ಬಸ್ಸಿನ ಖರ್ಚು, ಒಂದು ತಿಂಗಳ ಊಟ ವಸತಿ, ಜೊತೆಗೆ ಅವನು ಆ ತಿಂಗಳು ಮನೆಗೆ ತರಬೇಕಾಗಿದ್ದ ಕೂಲಿ, ಇವನ್ನು ಕೂಡಿಸಿದರೆ ಒಂದು ಕೊಠಡಿಗೆ ಬಣ್ಣ ಹಚ್ಚಿಸುವಷ್ಟೂ ಆಗಲಾರದು. ಕೂಲಿಯ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಊಟ ವಸತಿಗಳನ್ನು ಮಾತ್ರ ಕೊಟ್ಟರೆ ಬಡವರ ಮನೆಯ ಹುಡುಗನು ಮತ್ತೆ ಕಿರಾಣಿ ಅಂಗಡಿಗೇ ಹೋಗುತ್ತಾನೆ.

ಆ ಹುಡುಗನು ಮುಂದೆ ಪದವಿ ಮುಗಿಸಿ ಬೇರೆ ವೃತ್ತಿಯಲ್ಲಿ ನೆಲೆ ನಿಂತಿದ್ದಾನೆ, ಚೆನ್ನಾಗಿಯೇ ಇದ್ದಾನೆ. ಮೃಗಾಲಯಕ್ಕೆ ಒಬ್ಬ ಒಳ್ಳೆಯ ಪಾಲಕನು ದೊರೆಯದೆ ಹೋದನು, ಅಷ್ಟೆ. ಈ ವರ್ಷವೂ ನಸುಕಿನಲ್ಲೆದ್ದು ಕೊಟ್ಟಿಗೆ ಬಾಚಿ ಶಾಲೆಗೆ ಬರುತ್ತಿರುವ ಮಕ್ಕಳು ನಮ್ಮಲ್ಲಿದ್ದಾರೆ. 'ಪೂರ್ವಾನುಭವ' ಎಂಬಲ್ಲಿ ಅವರು ಏನು ಬರೆಯುವರೆಂಬುದು ಅವರಷ್ಟೇ ನಮ್ಮನ್ನೂ ಅವಲಂಬಿಸಿದೆ.